ನವೆಂಬರಿನಲ್ಲಿ ಓದಿದ ಹೆಸರು

ಒಂಟಾರಿಯೊ, ಕೆನಡಾ
12 ಮೇ 2004

ಪ್ರೀತಿಯ ಸೌದ,

ಮೊದಲು ಕ್ಷೇಮ ಹೇಳಬೇಕು, ಬೇರೆ ಮಾತೆಲ್ಲ ಆಮೇಲೆ ಎಂದು ಪಾಣೆಮಂಗಳೂರು ಶಾಲೆಯಲ್ಲಿ ಕನ್ನಡ ಪಂಡಿತರು ನಮಗೆ ಕಲಿಸಿದ್ದರು. ಆದ್ದರಿಂದ ಹೇಳುತ್ತೇನೆ, ಮಂಡಿನೋವು ಒಂದು ಬಿಟ್ಟರೆ ನಾನು ಕ್ಷೇಮ. ನೀನು, ನಿನ್ನ ಯಜಮಾನರು ಉಮ್ಮರ್, ಮಗ ನವಾಝ್ ಮೂವರೂ ಕ್ಷೇಮ ಎಂದು ತಿರುಗಿ ಬರೆಯದಿದ್ದರೆ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಫೋನ್ ಕಾರ್ಡು ಹಾಕಿ ಮಾತಾಡಿದರೆ ಅರ್ಧ ಹೊತ್ತು "ಹಲೋ, ಕೇಳಿಸ್ತದಾ" ಎನ್ನುವುದರಲ್ಲೇ ಮುಗಿಯುತ್ತದೆ. ನಿನ್ನ ಬ್ಯಾರಿ ನನಗೆ ಬಾರದು, ನನ್ನ ಕೊಂಕಣಿ ನಿನಗೆ ಬಾರದು. ನಮ್ಮಿಬ್ಬರ ಗುಟ್ಟೆಲ್ಲ ಕನ್ನಡದಲ್ಲೇ ನಡೆದದ್ದು. ಇನ್ನು ಮುಂದೆಯೂ ಹಾಗೆಯೇ ನಡೆಯಲಿ.

ನಾನು ನರ್ಸ್ ಆಗಿರುವ ವೃದ್ಧಾಶ್ರಮದ ಕಿಟಕಿಯಿಂದ ನದಿ ಕಾಣುತ್ತದೆ. ಆಚೆ ದಡ ಅಮೆರಿಕ, ನಡುವೆ ಒಂದು ಸೇತುವೆ. ಅದು ನಮ್ಮ ನೇತ್ರಾವತಿಯ ಸೇತುವೆಗಿಂತ ಉದ್ದ, ಆದರೆ ಅಷ್ಟು ಚಂದ ಇಲ್ಲ. ಮೂಲೆಯ ಕೋಣೆಯಲ್ಲಿ ಕ್ಯಾರೋಲಿನ್ ಎಂಬ ಮುದುಕಿ ಇದ್ದಾರೆ. ನಾನು ಮನಸ್ಸಿನಲ್ಲೇ ಅವರನ್ನು ಅಜ್ಜಿ ಎನ್ನುತ್ತೇನೆ. ಅಮೆರಿಕ ವಿಯೆಟ್ನಾಮಿನಲ್ಲಿ ಯುದ್ಧ ಮಾಡುತ್ತಿದ್ದ ಕಾಲದಲ್ಲಿ ಅವರ ಒಬ್ಬನೇ ಮಗ ರಸೆಲ್ ಮನೆಯಲ್ಲಿ ಹೇಳದೆ ಆ ಸೇತುವೆ ದಾಟಿ ಹೋಗಿ ಅಮೆರಿಕದ ಸೈನ್ಯ ಸೇರಿದ. ಕೆನಡಾ ಆ ಯುದ್ಧದಲ್ಲಿ ಇರಲೇ ಇಲ್ಲ. ಯುದ್ಧ ಬೇಡವೆಂದ ಅಲ್ಲಿನ ಹುಡುಗರು ಈಚೆಗೆ ಓಡಿ ಬರುತ್ತಿದ್ದಾಗ ಇವನು ಆಚೆಗೆ ಹೋದ, ಮರುವರ್ಷ ಪೆಟ್ಟಿಗೆಯಲ್ಲಿ ಬಂದ. ನವೆಂಬರ್ ಹನ್ನೊಂದರಂದು ಇಲ್ಲಿ ಯುದ್ಧದಲ್ಲಿ ಮಡಿದವರ ಹೆಸರು ಓದಿ ನೆನೆಯುತ್ತಾರೆ. ರಸೆಲನ ಹೆಸರನ್ನು ಒಮ್ಮೆಯೂ ಓದಲಿಲ್ಲ. "ಅದು ನಮ್ಮ ಯುದ್ಧ ಅಲ್ಲ" ಎಂದರಂತೆ ಊರಿನವರು. ಅಮೆರಿಕದವರ ದಾಖಲೆಯಲ್ಲಿ ಅವನು ಆಚೆ ದಡದ ಮಿಷಿಗನ್ನಿನ ಹುಡುಗ.

ಹಾಗೆ ಹೋಗಿ ಬದುಕಿ ಬಂದ ನಾಲ್ಕೈದು ಮಂದಿ ಈಗ ಮುದುಕರಾಗಿದ್ದಾರೆ. ಅವರ ಮುಂದಾಳಿನ ಹೆಸರು ವಾಲ್ಟರ್. ನಮ್ಮ ಊರಿನ ಬೇಕರಿ ವಾಲ್ಟರನಷ್ಟೇ ಸಿಡುಕ. ನದಿಯ ದಡದಲ್ಲಿ ರಸೆಲನಂಥ ಕೆನಡಾ ಹುಡುಗರಿಗೆಂದೇ ಒಂದು ಕಲ್ಲು ನಿಲ್ಲಿಸುತ್ತಾರಂತೆ. ಆದರೆ ಕ್ಯಾರೋಲಿನ್ ಮಗನ ಹೆಸರು ಕೊಡಲು ತಯಾರಿಲ್ಲ. "ಆಗ ಬೇಡವಾದ ಹೆಸರು ಈಗ ಎಂತಕ್ಕೆ ಬೇಕು ಇವರಿಗೆ" ಎನ್ನುತ್ತಾರೆ. ನಾನು ದಿನಾ ಗಂಜಿ ಕುಡಿಸುತ್ತಾ ಪೂಸಿ ಹೊಡೆಯುತ್ತಿದ್ದೇನೆ.

ನವಾಝಿಗೆ ಹೆಣ್ಣು ನೋಡಲು ಶುರು ಮಾಡಿದೆಯಾ?

ನಿನ್ನ ಉರ್ಸುಲಾ

*

ವಾದಿ ಕಬೀರ್, ಮಸ್ಕತ್
9 ಜೂನ್ 2004

ಉರ್ಸು,

ಬೆಂಚಿನ ಮೇಲೆ ನಿಲ್ಲುವ ವಯಸ್ಸಲ್ಲ, ಆದ್ದರಿಂದ ಬರೆಯುತ್ತೇನೆ: ನಾವೆಲ್ಲ ಕ್ಷೇಮ. ಇಲ್ಲಿ ಬಾಗಿಲಿನ ಹಿಡಿಕೆ ಮುಟ್ಟಿದರೆ ಕೈ ಸುಡುವ ಬಿಸಿಲು. ಉಮ್ಮರಿಗೆ ಮಾತ್ರ ಹಬ್ಬ. ಮಸ್ಕತ್ತಿನ ಕಾರುಗಳ ಎ.ಸಿ.ಯೆಲ್ಲ ಒಟ್ಟಿಗೆ ಕೆಟ್ಟು ಅವರ ಗ್ಯಾರೇಜಿನ ಮುಂದೆ ಸಾಲು ನಿಂತಿವೆ.

ನವಾಝಿಗೆ ಇಪ್ಪತ್ತೊಂದು ತುಂಬಿತು. ಆ ವಯಸ್ಸಾದ ಮೇಲೆ ಮಗ ತಂದೆಯ ವೀಸಾದಲ್ಲಿ ಇರುವ ಹಾಗಿಲ್ಲ. ಒಂದೋ ಕೆಲಸ ಕೊಟ್ಟು ವೀಸಾ ಮಾಡಿಸುವ ಕಫೀಲ್ ಸಿಗಬೇಕು, ಇಲ್ಲವಾದರೆ ಊರಿಗೆ ಹೋಗಬೇಕು. ಇಲ್ಲೇ ಹುಟ್ಟಿ, ಇಲ್ಲಿನ ಇಂಡಿಯನ್ ಸ್ಕೂಲಿನಲ್ಲೇ ಓದಿದವನಿಗೆ ಪಾಣೆಮಂಗಳೂರು ಎಂದರೆ ರಜೆಯಲ್ಲಿ ಸೊಳ್ಳೆ ಕಚ್ಚಿಸಿಕೊಳ್ಳುವ ಜಾಗ. ಅಷ್ಟರಲ್ಲಿ ಒಬ್ಬ ಏಜೆಂಟ್ ಕುವೈತಿನಲ್ಲಿ ಕೆಲಸ ಹೇಳಿದ. ಯಾವುದೋ ಕ್ಯಾಂಪಿನಲ್ಲಿ ಎ.ಸಿ. ರಿಪೇರಿ, ಊಟ ವಸತಿ ಅವರದೇ. ಒಬ್ಬನೇ ಹೋಗಲಿಲ್ಲ, ಹಂಝಾಕನೂ ಜೊತೆಗಿದ್ದಾರೆ. ಉಮ್ಮರಿನ ತಂಗಿ ಅಮೀನತ್‌ಳ ಗಂಡ ಹಂಝ ನಿನಗೆ ನೆನಪಿರಬಹುದು, ನನ್ನ ಮದುವೆಯಲ್ಲಿ ಬಿರಿಯಾನಿ ಪಾತ್ರೆ ಒಬ್ಬರೇ ಎತ್ತಿದವರು. ಇಲ್ಲೇ ಒಮಾನಿನ ರುಸ್ತಾಕಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಆ ಕೆಲಸ ಇನ್ನು ಒಮಾನಿಗಳಿಗೇ ಎಂದಾಯಿತು, ಖಲಾಸ್. ಅಮೀನತ್ ಅಲ್ಲೇ ಟೈಲರಿಂಗ್ ಅಂಗಡಿಯಲ್ಲಿ ತನ್ನದೇ ವೀಸಾದಲ್ಲಿದ್ದಾಳೆ. ಮಕ್ಕಳು ಅವಳ ಜೊತೆ ಇದ್ದಾರೆ.

ನಿನ್ನ ಕ್ಯಾರೋಲಿನ್ ಅಜ್ಜಿಯ ಕಥೆ ಎರಡು ಸಲ ಓದಿದೆ. ಆ ಹುಡುಗ ಅಲ್ಲಿಂದ ತಾಯಿಗೆ ಕಾಗದ ಬರೆಯುತ್ತಿದ್ದನೇ? ಎಷ್ಟು ದಿನಕ್ಕೊಮ್ಮೆ? ಅದರಲ್ಲಿ ಏನಿರುತ್ತಿತ್ತು? ಸುಮ್ಮನೆ ಕೇಳಿದೆ, ಕೆಲಸವಿಲ್ಲದ ಮನಸ್ಸು.

ಸೌದ

*

ಒಂಟಾರಿಯೊ
2 ಜುಲೈ 2004

ಸೌದ,

ಕುವೈತ್ ಎಂದರೆ ಸಾಮಾನ್ಯವೇ? ನವಾಝಿಗೆ ನನ್ನ ಶುಭಾಶಯ ಹೇಳು. ಎರಡು ವರ್ಷ ಅಲ್ಲಿ ದುಡಿದು ಬಂದರೆ ಹುಡುಗಿಯ ಮನೆಯವರೇ ನಿನ್ನ ಬಾಗಿಲಿಗೆ ಬರುತ್ತಾರೆ. ನೀನು ಆಗ ಮೂಗು ಮೇಲೆ ಮಾಡಿಕೊಂಡು ಕೂತಿರು. ನಿನಗೆ ಅದು ಚೆನ್ನಾಗಿ ಬರುತ್ತದೆ.

ನೀನು ಕೇಳಿದ್ದನ್ನೇ ನಾನು ಅಜ್ಜಿಯನ್ನು ಕೇಳಿದೆ. ಮೊದಲ ಸಲ ಅವರ ಮುಖ ಅರಳಿತು. ರಸೆಲ್ ವಾರಕ್ಕೊಂದು ಕಾಗದ ಬರೆಯುತ್ತಿದ್ದನಂತೆ, ಅದರಲ್ಲಿ ಬರೀ ಊಟದ ವಿಷಯ. ಇವತ್ತು ಪೀಚ್ ಹಣ್ಣಿನ ಡಬ್ಬಿ ಸಿಕ್ಕಿತು, ನಿನ್ನೆ ಮೊಟ್ಟೆ ಗಟ್ಟಿಯಾಗಿತ್ತು, ಇಲ್ಲಿ ಕೇಕ್ ನಿನ್ನ ಕೇಕಿನ ಹಾಗಿಲ್ಲ. "ಹೊಟ್ಟೆ ತುಂಬ ತಿಂತಾ ಇದ್ದಾನೆ, ಎಂತ ತೊಂದರೆ ಇಲ್ಲ ಅಂತ ನಾನು ನೆರೆಮನೆಗೆಲ್ಲ ಹೇಳ್ಕೊಂಡು ಬಂದೆ" ಎಂದರು. ಪಾಪ, ನಗುತ್ತಲೇ ಹೇಳಿದರು. ನಾನೂ ನಕ್ಕೆ.

ಕಲ್ಲಿಗೆ ಹೆಸರು ಕೊಡುವ ವಿಷಯಕ್ಕೆ ಇನ್ನೂ ಹಟ. ನವೆಂಬರ್ ಹನ್ನೊಂದಕ್ಕೆ ಕಲ್ಲಿನ ಪರದೆ ತೆಗೆಯುತ್ತಾರಂತೆ. ಅಷ್ಟರೊಳಗೆ ಒಲಿಸುತ್ತೇನೆ, ನೋಡುತ್ತಿರು.

ಉರ್ಸುಲಾ

*

ವಾದಿ ಕಬೀರ್
5 ಆಗಸ್ಟ್ 2004

ಉರ್ಸು,

ನಿನ್ನ ಪತ್ರ ಬಂತು. ಅಂಟು ಬಿಚ್ಚಿಕೊಂಡಿತ್ತು. ನಮ್ಮ ಕಾಗದಗಳು ಬರುವುದು ಕಫೀಲನ ಆಫೀಸಿನ ಪೋಸ್ಟ್ ಬಾಕ್ಸಿಗೆ. ಅಲ್ಲಿನ ಗುಮಾಸ್ತ ಕಾಸರಗೋಡಿನ ಕಡೆಯವನು, ಕನ್ನಡ ಓದಬಲ್ಲ. ನನ್ನ ಮಗನ ವಿಷಯ ಇನ್ನು ಏನೂ ಬರೆಯಬೇಡ. ಕೆಲಸ ಯಾವುದು, ಎಲ್ಲಿ ಎಂದೆಲ್ಲ ಕೇಳಬೇಡ.

ಶುಕ್ರವಾರ ರುಸ್ತಾಕಿಗೆ ಹೋಗಿ ಅಮೀನತ್ ಜೊತೆ ಕೂತು ಬಂದೆ. ಕೋಟೆಯ ಹತ್ತಿರದ ಮಾರ್ಕೆಟ್ಟಿನಲ್ಲಿ ಖರ್ಜೂರ ಕೊಂಡೆವು. ಅವಳ ಮನೆಯಲ್ಲಿ ಟಿ.ವಿ. ಹಾಕುವುದಿಲ್ಲ, ಬಟ್ಟೆ ಹೊದೆಸಿ ಇಟ್ಟಿದ್ದಾಳೆ. ನಾನು ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದರ ಮುಂದೆಯೇ ಇರುತ್ತೇನೆ. ಇರಾಕಿನಲ್ಲಿ ಟ್ರಕ್ ಡ್ರೈವರುಗಳನ್ನು ಹಿಡಿದು ಕೂರಿಸಿದ್ದಾರಲ್ಲ, ನಮ್ಮ ದೇಶದವರೂ ಇದ್ದಾರೆ, ನೀನೂ ನೋಡಿರಬಹುದು. ಆ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ. ನೋಡಿದ ಮೇಲೆ ಸ್ವಲ್ಪ ಉಸಿರು ಬರುತ್ತದೆ. ಬೇರೆ ತಾಯಂದಿರ ಮಕ್ಕಳು ಎಂದು ಗೊತ್ತಾದ ಮೇಲೆ ಹಾಗೆ ಉಸಿರು ಬರುವುದು ಪಾಪ ಎಂದೂ ಗೊತ್ತು.

ಒಂದು ಕೇಳಬೇಕು. ಆ ರಸೆಲ್ ಊಟದ ಮಾತು ಬಿಟ್ಟು ಬೇರೆ ಏನೂ ಬರೆಯಲೇ ಇಲ್ಲವೇ? ಗೆಳೆಯರು, ಹವೆ, ನಿದ್ದೆ, ಏನೂ ಇಲ್ಲವೇ? ಅಜ್ಜಿಯನ್ನು ಇನ್ನೊಮ್ಮೆ ಕೇಳಿ ಬೇಗ ಬರೆ. ಇಲ್ಲಿ ಒಬ್ಬರು ವಾರಕ್ಕೊಮ್ಮೆ ಫೋನ್ ಮಾಡಿ "ಉಮ್ಮಾ, ಇಲ್ಲಿ ಐಸ್‌ಕ್ರೀಂ ಉಂಟು, ಮೂರು ತರದ್ದು" ಎನ್ನುತ್ತಾರೆ.

ಸೌದ

*

ಒಂಟಾರಿಯೊ
1 ಸೆಪ್ಟೆಂಬರ್ 2004

ಸೌದ,

ನಿನ್ನ ಪತ್ರದಲ್ಲಿ ಕ್ಷೇಮ ಎಂಬ ಶಬ್ದ ಹುಡುಕಿದೆ. ಸಿಗಲಿಲ್ಲ.

ಹಳೆಯ ಮಾತೊಂದು ನೆನಪಾಯಿತು. ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ಮನೆಯಲ್ಲಿ "ಶಾಲೆಯಲ್ಲೇ ಇದ್ದೆವು" ಎಂದು ಹೇಳಿ, ನೇತ್ರಾವತಿಯ ಹಳೆ ಸೇತುವೆ ದಾಟಿ ಆಚೆ ಹೋಗುತ್ತಿದ್ದೆವಲ್ಲ? ನಿನ್ನ ಅಮ್ಮನಿಗೆ ಹೇಗೋ ಗೊತ್ತಾಗಿ, ಬೆತ್ತ ಹಿಡಿದು ಒಂದೇ ಪ್ರಶ್ನೆ ಕೇಳಿದ್ದರು: "ಸೇತುವೆ ದಾಟಿದ್ದು ಹೌದಾ ಅಲ್ವಾ?" ಅದೇ ಪ್ರಶ್ನೆ ಈಗ ನನ್ನದು. ಹೌದು ಅಥವಾ ಅಲ್ಲ, ಅಷ್ಟು ಬರೆದರೆ ಸಾಕು.

ಅಜ್ಜಿಯನ್ನು ಕೇಳಿದೆ. ಊಟದ ಕಾಗದ ಬರುತ್ತಿದ್ದಷ್ಟು ದಿನ ರಸೆಲ್ ಕ್ಯಾಂಪಿನೊಳಗೆ ಭದ್ರವಾಗಿಯೇ ಇದ್ದನಂತೆ. ಕಷ್ಟಕ್ಕೆ ಸಿಕ್ಕ ಮೇಲೆ ಕಾಗದ ಬರುವುದೇ ನಿಂತಿತಂತೆ. ಆದ್ದರಿಂದ ಐಸ್‌ಕ್ರೀಂ ಸುದ್ದಿ ಬರುತ್ತಿದೆ ಎಂದರೆ ಒಳ್ಳೆಯದೇ. ಸುಮ್ಮನೆ ಹೊಟ್ಟೆಗೆ ಬೆಂಕಿ ಹಾಕಿಕೊಳ್ಳಬೇಡ.

ಉರ್ಸುಲಾ

*

ವಾದಿ ಕಬೀರ್
28 ಸೆಪ್ಟೆಂಬರ್ 2004

ಉರ್ಸು,

ಹೌದು, ದಾಟಿದ್ದಾನೆ. ಇಬ್ಬರೂ ದಾಟಿದ್ದಾರೆ.

ಇನ್ನು ಮುಂದೆ ಈ ಲಕೋಟೆಯ ಹಿಂದಿರುವ ವಿಳಾಸಕ್ಕೆ ಬರೆ. ಅದು ನಮ್ಮ ಮೇಲಿನ ಫ್ಲ್ಯಾಟಿನ ಆಲ್ಬಿನಾಳ ಕ್ಲಿನಿಕ್ಕಿನದು. ನಿಮ್ಮ ಕೊಂಕಣಿಯವಳೇ, ಬಾಯಿ ಗಟ್ಟಿ, ಗುಟ್ಟು ಬಿಡುವವಳಲ್ಲ.

ಕುವೈತಿನಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ತೆಗೆದುಕೊಂಡು ಬಸ್ಸಿನಲ್ಲಿ ಕೂರಿಸಿದರಂತೆ. ಕಿಟಕಿಗೆ ಪರದೆ. ಇಳಿಯುವಾಗ ಇರಾಕ್. ಅಮೆರಿಕದ ಸೈನಿಕರ ಕ್ಯಾಂಪಿನಲ್ಲಿ ನವಾಝ್ ಎ.ಸಿ. ನೋಡುತ್ತಾನೆ, ಹಂಝಾಕ ನೀರಿನ ಲಾರಿ ಓಡಿಸುತ್ತಾರೆ. ಮಗ ಇದನ್ನು ಹೇಳಿದ್ದು ಒಂದೇ ಸಲ, ಅದೂ ಅಪ್ಪನ ಹತ್ತಿರ. ನನ್ನ ಹತ್ತಿರ ಐಸ್‌ಕ್ರೀಂ.

ಯಾರಿಗೆ ಹೇಳುವುದು ಮಾರಾಯ್ತಿ? ನಮ್ಮ ಸರಕಾರ ಅಲ್ಲಿಗೆ ಹೋಗಬಾರದು ಎಂದಿದೆ, ಹೋದವರ ಮೇಲೆ ಏನಾಗುತ್ತದೋ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ನಮ್ಮವರದೇ. ಮಸೀದಿಯಲ್ಲಿ ಪ್ರತಿ ಶುಕ್ರವಾರ ಇರಾಕಿನವರಿಗಾಗಿ ಕಣ್ಣೀರಿಟ್ಟು ದುಆ ಮಾಡುತ್ತಾರೆ. ಅದೇ ಸಾಲಿನಲ್ಲಿ ಕೂತು ಉಮ್ಮರ್ ಕೈ ಎತ್ತುತ್ತಾರೆ. "ನನ್ನ ಮಗ ಅಮೆರಿಕದವರ ಟೆಂಟಿಗೆ ತಂಪು ಗಾಳಿ ಹಾಕ್ತಾ ಇದ್ದಾನೆ, ಅವನಿಗೂ ಒಂದು ದುಆ ಮಾಡಿ" ಎಂದು ಹೇಳಲು ಬರುತ್ತದೆಯೇ? ಮತ್ರಾದ ಸೂಕಿನ ಪೇಟೆಯಲ್ಲಿ ಊರಿನವರು ಸಿಕ್ಕಿದರೆ ನಾನು ಬೇರೆ ಓಣಿಗೆ ತಿರುಗುತ್ತೇನೆ. ನುಂಗಲೂ ಆಗದು, ಉಗುಳಲೂ ಆಗದು. ನಿನ್ನ ಅಜ್ಜಿಗೆ ಊರಿನವರು ಹೇಳಿದ್ದನ್ನು ನನಗೆ ಯಾರೂ ಇನ್ನೂ ಹೇಳಿಲ್ಲ. ಹೇಳುವ ಮೊದಲೇ ನನಗೆ ಕೇಳಿಸುತ್ತದೆ.

ರಮಳಾನ್ ಬರುತ್ತಿದೆ. ಹೆಸರು ಹೇಳಿ ದುಆ ಮಾಡಿಸಲು ನನಗೆ ಎಲ್ಲಿಯೂ ಜಾಗವಿಲ್ಲ. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯ ಸಮಯದಲ್ಲಿ ನೀನು ನಿಮ್ಮ ಇಗರ್ಜಿಯಲ್ಲಿ ನಿನ್ನ ಹೆಸರಿನ ಜೊತೆ ನನ್ನ ಹೆಸರೂ ಚೀಟಿಯಲ್ಲಿ ಬರೆದು ಕೊಟ್ಟಿದ್ದೆ, ಪಾದ್ರಿಗಳು ಮೈಕಿನಲ್ಲಿ "ಸೌದ" ಎಂದು ಓದಿದ್ದರು, ನೆನಪಿದೆಯೇ? ಗಣಿತದಲ್ಲಿ ಪಾಸಾದದ್ದು ಅದರಿಂದಲೇ ಎಂದು ನೀನು ಇಂದಿಗೂ ಹೇಳುತ್ತೀಯ. ನನ್ನ ಮಗನ ಹೆಸರನ್ನೂ ಎಲ್ಲಿಯಾದರೂ ಹೇಳಿಸು. ಯಾರ ಬಾಯಿಯಿಂದಲಾದರೂ ಅಡ್ಡಿಯಿಲ್ಲ, ಗಟ್ಟಿಯಾಗಿ ಹೇಳಿಸು.

ಈ ಕಾಗದ ಓದಿ ಸುಟ್ಟುಬಿಡು.

ಸೌದ

*

ಒಂಟಾರಿಯೊ
12 ನವೆಂಬರ್ 2004

ನನ್ನ ಪ್ರೀತಿಯ ಸೌದ,

ನಿನ್ನ ಕೆಲಸ ಮಾಡಿದೆ. ಇಗರ್ಜಿಯಲ್ಲಿ ಮಾತ್ರ ಅಲ್ಲ, ಅದಕ್ಕಿಂತ ದೊಡ್ಡ ಕಡೆಯಲ್ಲಿ.

ನಿನ್ನೆ ಕಲ್ಲಿನ ಪರದೆ ತೆಗೆದರು. ನದಿಯಿಂದ ಮೂಳೆಗಿಳಿಯುವ ಗಾಳಿ ಬೀಸುತ್ತಿತ್ತು. ಅಜ್ಜಿ ಕೊನೆಗೂ ಹೆಸರು ಕೊಟ್ಟರು. ನಾನು ಅವರಿಗೆ ನಿನ್ನ ವಿಷಯ ಹೇಳಿದ್ದೆ, ಬೈಯಬೇಡ. ದೂರದಲ್ಲಿ ಒಬ್ಬ ತಾಯಿ ಇದ್ದಾಳೆ, ಮಗನ ಹೆಸರು ಹೇಳಲು ಅವಳಿಗೆ ಜಾಗವಿಲ್ಲ ಎಂದೆ. ಅಜ್ಜಿ "ನನಗೆ ಜಾಗ ಕೊಡ್ತೇವೆ ಅಂತ ಬಂದವರನ್ನು ನಾನು ಓಡಿಸ್ತಾ ಇದ್ದೇನೆ" ಎಂದರು. ಮರುದಿನ ವಾಲ್ಟರನ್ನು ಕರೆಸಿದರು.

ಕರಿ ಕಲ್ಲಿನ ಮೇಲೆ ಸಣ್ಣ ಅಕ್ಷರ. ಊರಿನ ಹಳೆಯ ಸೈನಿಕರ ಸಂಘದವರೂ ಈ ಸಲ ಬಂದು ಹಿಂದೆ ನಿಂತಿದ್ದರು. ವಾಲ್ಟರ್ ಒಂದೊಂದು ಹೆಸರು ಓದುವುದು, ಅವರ ಜೊತೆಗಾರ ಒಂದು ಗಂಟೆ ಬಾರಿಸುವುದು, ಮತ್ತೆ ಮೌನ. "ರಸೆಲ್" ಎಂದಾಗ ಅಜ್ಜಿ ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತರು. ಮೂವತ್ತೈದು ವರ್ಷಗಳ ಮೇಲೆ ಬೇರೆಯವರ ಬಾಯಿಯಲ್ಲಿ ಮಗನ ಹೆಸರು ಕೇಳಿದ್ದು. ನಾನು ಅತ್ತುಬಿಟ್ಟೆ.

ಕಲ್ಲಿನ ಹೆಸರುಗಳಾದ ಮೇಲೆ ಓದಲು, ನಮ್ಮ ಆಶ್ರಮದವರು ಯುದ್ಧಕ್ಕೆ ಹೋದ ತಮ್ಮವರ ಹೆಸರು ಬರೆದ ಚೀಟಿಗಳನ್ನು ಕೂಡಿಸಿ ವಾಲ್ಟರಿಗೆ ಕೊಡುವ ಕೆಲಸ ನನ್ನದಾಗಿತ್ತು. ನಾನೂ ಒಂದು ಚೀಟಿ ಸೇರಿಸಿದೆ. ನಮ್ಮ ಇಗರ್ಜಿಯಲ್ಲಿ ಹಾಗೆಯೇ ಅಲ್ಲವೇ? ಕಾಯಿಲೆಯವರು, ಪರೀಕ್ಷೆಯವರು, ತೀರಿಹೋದವರು, ಎಲ್ಲರ ಚೀಟಿಯೂ ಒಂದೇ ಬುಟ್ಟಿಗೆ, ಪಾದ್ರಿಗಳು ಒಂದೇ ಉಸಿರಿಗೆ ಓದುತ್ತಾರೆ. ಕೊನೆಯಲ್ಲಿ ವಾಲ್ಟರ್ ಎಷ್ಟು ಚಂದ ಓದಿದರು ಗೊತ್ತೇ, "ನವಾಝ್ ಉಮ್ಮರ್". ಗಂಟೆ ಬಾರಿಸಿದರು. ಮಕ್ಕಳು ಮುದುಕರೆಲ್ಲ ಟೊಪ್ಪಿ ತೆಗೆದು ತಲೆ ತಗ್ಗಿಸಿದರು. ಇಷ್ಟು ಜನ ನಿನ್ನ ಮಗನಿಗಾಗಿ ತಲೆ ತಗ್ಗಿಸಿದರೆ ದೇವರು ಕೇಳದೆ ಇರುತ್ತಾನೆಯೇ?

ಹಿಂದೆ ಬರುವಾಗ ಅಜ್ಜಿ ನನ್ನ ಕೈ ಹಿಡಿದು "ಆ ಹುಡುಗ ತೀರಿಕೊಂಡದ್ದು ಯಾವಾಗ?" ಎಂದು ಕೇಳಿದರು. ಪಾಪ, ಈಚೆಗೆ ಅವರಿಗೆ ಸ್ವಲ್ಪ ಮರೆವು.

ನಿಮ್ಮ ಪೆರ್ನಾಳ್ ಹಬ್ಬಕ್ಕೆ ನನ್ನ ಶುಭಾಶಯ.

ಉರ್ಸುಲಾ

*

ವಾದಿ ಕಬೀರ್
6 ಡಿಸೆಂಬರ್ 2004

ಉರ್ಸುಲಾ,

ನಿನ್ನ ಅಜ್ಜಿಗೆ ಮರೆವಿಲ್ಲ. ಬುದ್ಧಿಯಿಲ್ಲದ್ದು ನಿನಗೆ.

ಅವರು ಓದಿದ್ದು ಸತ್ತವರ ಹೆಸರು. ಬಾರಿಸಿದ್ದು ಸತ್ತವರ ಗಂಟೆ. ಜೀವಂತ ಇರುವ ನನ್ನ ಮಗನನ್ನು ಸತ್ತವರ ಸಾಲಿನಲ್ಲಿ ನಿಲ್ಲಿಸಿ, ಅಷ್ಟು ಜನರು ತಲೆ ತಗ್ಗಿಸುವಂತೆ ಮಾಡಿ, ಅದನ್ನು ಪೆರ್ನಾಳಿನ ಶುಭಾಶಯದ ಜೊತೆ ಬರೆದು ಕಳಿಸಿದ್ದೀಯ. ನಾನು ಮೂಢನಂಬಿಕೆಯವಳಲ್ಲ ಎಂದು ನಿನಗೆ ಗೊತ್ತು. ಆದರೂ ಆ ಸಾಲು ಓದಿ ನೆಲದ ಮೇಲೆ ಕೂತುಬಿಟ್ಟೆ. ಆಲ್ಬಿನಾ ಬಂದು ಎಬ್ಬಿಸಿ ನೀರು ಕುಡಿಸಿದಳು.

ಪೆರ್ನಾಳಿನ ಹಿಂದಿನ ವಾರದಿಂದ ಫೋನ್ ಇಲ್ಲ. ಪೆರ್ನಾಳಿನ ದಿನವೂ ಬರಲಿಲ್ಲ. ಅಮೀನತ್‌ಳಿಗೂ ಬಂದಿಲ್ಲ. ಏಜೆಂಟನ ಮೊಬೈಲ್ ಬಂದ್ ಆಗಿದೆ. ಐಸ್‌ಕ್ರೀಂ ಸುದ್ದಿಯೂ ನಿಂತಿತು. ಐಸ್‌ಕ್ರೀಂ ಸುದ್ದಿ ನಿಂತರೆ ಏನರ್ಥ ಎಂದು ನೀನೇ ಸೆಪ್ಟೆಂಬರಿನಲ್ಲಿ ಬರೆದಿದ್ದೆ.

ಹೆಸರು ಹೇಳಿಸು ಎಂದದ್ದು ನಾನೇ, ಅದೂ ಗೊತ್ತಿದೆ. ಅದಕ್ಕೇ ಸಿಟ್ಟು ಇಷ್ಟು. ಇನ್ನು ಬರೆಯಬೇಡ.

*

ಒಂಟಾರಿಯೊ
24 ಡಿಸೆಂಬರ್ 2004

ಸೌದ,

ನೀನು ಬೇಡ ಎಂದರೂ ಬರೆಯುತ್ತಿದ್ದೇನೆ. ಓದದೆ ಹರಿದುಹಾಕಿದರೂ ಸರಿ.

ನಿನ್ನ ಪತ್ರ ಓದಿದ ಮೇಲೆಯೇ ನಾನು ಮಾಡಿದ್ದು ಏನೆಂದು ಗೊತ್ತಾಯಿತು. ಅಷ್ಟು ಹೊತ್ತು ಅಲ್ಲಿ ನಿಂತು, ಅತ್ತು, ನನಗೆ ಹೊಳೆಯಲೇ ಇಲ್ಲ. ನನಗೆ ಹೆಸರು ಓದುವುದು ಎಂದರೆ ಪ್ರಾರ್ಥನೆ, ಅಷ್ಟೇ. ಕೋಟು ಹಾಕಿಕೊಂಡು ನೇರ ವಾಲ್ಟರಿನ ಮನೆಗೆ ಹೋದೆ. ಹುಡುಗ ಬದುಕಿದ್ದಾನೆ ಎಂದೆ. ಅವರು ಬೈದರು, ಚೆನ್ನಾಗಿ ಬೈದರು. ಬೈದ ಮೇಲೆ ಆ ಚೀಟಿಯನ್ನು ಹುಡುಕಿ ಕೈಗೆ ಕೊಟ್ಟರು.

ಅಜ್ಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. "ಇದು ನನ್ನ ಹತ್ತಿರ ಇರ್ಲಿ. ನಾನಿರುವಾಗ ಇದನ್ನು ಯಾರೂ ಓದುವುದು ಬೇಡ" ಎಂದು ತಲೆದಿಂಬಿನ ಚೀಲದೊಳಗೆ ಹಾಕಿದ್ದಾರೆ. ಹಾಸಿಗೆ ಬದಲಿಸುವಾಗ ಮೊದಲು ಅದನ್ನು ಮುಟ್ಟಿ ನೋಡುತ್ತಾರೆ.

ಇವತ್ತು ಕ್ರಿಸ್ಮಸ್ ಮುನ್ನಾದಿನ. ಹಬ್ಬದ ಕುಸ್ವಾರ್ ತಿಂಡಿ ಏನೂ ಮಾಡಲಿಲ್ಲ. ಫೋನ್ ಬಂತೇ? ಬಂದಿದ್ದರೆ ಬರೀ "ಬಂತು" ಎಂದು ಕಳಿಸು, ನನ್ನನ್ನು ಕ್ಷಮಿಸಬೇಕಾಗಿಲ್ಲ.

ಉರ್ಸುಲಾ

*

ಒಂಟಾರಿಯೊ
20 ಫೆಬ್ರವರಿ 2005

ಸೌದ,

ನಿನ್ನಿಂದ ಏನೂ ಇಲ್ಲ. ಆಲ್ಬಿನಾಳ ಕ್ಲಿನಿಕ್ಕಿಗೆ ಫೋನ್ ಮಾಡಿದೆ. "ನಾನು ಎಂತ ಹೇಳುವುದು ಅಕ್ಕ, ಅವರು ಹೇಳಿದ ಮೇಲೆ ನಾನು ಹೇಳ್ತೇನೆ" ಎಂದಳು. ಬಾಯಿ ಗಟ್ಟಿ ಎಂದು ನೀನು ಬರೆದದ್ದು ನಿಜ.

ಅಜ್ಜಿ ದಿನಾ ಕೇಳುತ್ತಾರೆ. ನಾನು "ಇನ್ನೂ ಇಲ್ಲ" ಎನ್ನುತ್ತೇನೆ. ಇನ್ನೂ ಇಲ್ಲ ಎಂಬುದನ್ನು ಹೇಳಲು ಧೈರ್ಯ ಬೇಕು ಎಂದು ಈಗ ಗೊತ್ತಾಗುತ್ತಿದೆ.

ಉರ್ಸು

*

ವಾದಿ ಕಬೀರ್
14 ಏಪ್ರಿಲ್ 2005

ಉರ್ಸು,

ನವಾಝ್ ಬಂದಿದ್ದಾನೆ. ಮಾರ್ಚ್ ಕೊನೆಗೆ ಬಂದ. ವಿಸಿಟ್ ವೀಸಾ ಮಾಡಿ ಕರೆಸಿಕೊಂಡೆವು, ಆ ವೀಸಾ ಮುಗಿದ ಮೇಲೆ ಊರಿಗೆ ಹೋಗುತ್ತಾನೆ, ಸೊಳ್ಳೆ ಕಚ್ಚಿದರೂ ಕಚ್ಚಲಿ. ಮೊದಲು ಅಜ್ಜಿಗೆ ಹೇಳು. ಆ ಚೀಟಿ ಹರಿದುಹಾಕಲಿ.

ಈಗ ಉಳಿದದ್ದು. ಹಂಝಾಕ ಇಲ್ಲ.

ನೀರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದಾಗ ರಸ್ತೆಯಲ್ಲಿ ಬಾಂಬ್ ಇಟ್ಟಿದ್ದರಂತೆ. ನವೆಂಬರಿನಲ್ಲಿ ಆದದ್ದು. ಯಾವ ದಿನವೆಂದು ನಾನು ನವಾಝನನ್ನು ಕೇಳಲಿಲ್ಲ. ನೀನೂ ಕೇಳಬೇಡ, ಕೇಳಿ ನಮಗಿಬ್ಬರಿಗೂ ಆಗಬೇಕಾದದ್ದು ಏನೂ ಇಲ್ಲ. ಆಮೇಲೆ ಕ್ಯಾಂಪಿನಲ್ಲಿ ಕೆಲಸದವರಿಗೆ ಫೋನ್ ಕೊಡಲಿಲ್ಲವಂತೆ, ಅದಕ್ಕೇ ಆ ಮೌನ. ಜನವರಿಯಲ್ಲಿ ಒಮ್ಮೆ ಸಿಕ್ಕಿತು. ಅವನ ಹಂಝ ಮಾಮ ಹೋಗಿ ಎರಡು ತಿಂಗಳಾಗಿತ್ತು, ಆದರೂ ನನ್ನ ಮಗ ಫೋನಿನಲ್ಲಿ "ಇವತ್ತು ಕೋಳಿ ಸುಕ್ಕ ಇತ್ತು ಉಮ್ಮಾ" ಎಂದ. ಮಾಮನ ಸುದ್ದಿ ತಿಳಿದ ಮೇಲೆ ನನಗೆ ಎಲ್ಲ ಗೊತ್ತಾಯಿತು, ಊಟದ ಸುದ್ದಿ ಬಂದರೆ ಕ್ಷೇಮ ಎಂದಲ್ಲ. ಸೆಪ್ಟೆಂಬರಿನಲ್ಲಿ ನೀನು ಬರೆದದ್ದು ಸುಳ್ಳು, ಅಲ್ಲವೇ? ರಸೆಲನ ಊಟದ ಕಾಗದ ಅವನು ಸತ್ತ ಮೇಲೂ ಬಂದಿರಬೇಕು. ಆಗಲೇ ನನಗೆ ಸಂಶಯವಿತ್ತು. ಆದರೂ ಆ ಸುಳ್ಳನ್ನು ಹಿಡಿದುಕೊಂಡೇ ಇಷ್ಟು ತಿಂಗಳು ಅಡಿಗೆ ಮಾಡಿದೆ, ಬಟ್ಟೆ ಒಗೆದೆ. ನಿನ್ನ ಮೇಲೆ ಈಗ ಸಿಟ್ಟಿಲ್ಲ.

ಕಂಪೆನಿಯವರು ಅಮೀನತ್‌ಳಿಗೆ ಕಳಿಸಿದ್ದು ಒಂದು ಕಾಗದ: ಕುವೈತಿನಲ್ಲಿ ರಸ್ತೆ ಅಪಘಾತ. ಮಯ್ಯಿತ್, ಅವರ ದೇಹ ಕೂಡ ಬರಲಿಲ್ಲ, ಅಲ್ಲೇ ಎಲ್ಲೋ ದಫನ ಮಾಡಿದರಂತೆ. ರುಸ್ತಾಕಿನಲ್ಲಿ ನಮ್ಮವರು ಸೇರಿ ಗಾಯಿಬ್ ನಮಾಝ್ ಮಾಡಿದರು. ದೂರದಲ್ಲಿ ತೀರಿಕೊಂಡವರಿಗೆ ಮಾಡುವ ನಮಾಝ್ ಅದು. ಎಲ್ಲರೂ ಕುವೈತಿನ ರಸ್ತೆ, ಕುವೈತಿನ ಡ್ರೈವರುಗಳು ಎಂದು ಮಾತಾಡಿಕೊಂಡರು. ಉಮ್ಮರ್ ತಲೆಯಾಡಿಸಿದರು. ನಾನು ಚಾ ಕೊಟ್ಟೆ.

ನವಾಝ್ ಬಂದ ಮೇಲೆ ಅತ್ತೆ ಅಮೀನತ್‌ಳ ಎದುರು ಕೂತು ನಿಜ ಹೇಳಿದ. ಅವಳು ಸುದ್ದಿ ಬಂದ ದಿನದಿಂದ ಇದ್ದತ್‌ನಲ್ಲಿದ್ದಾಳೆ, ಗಂಡ ತೀರಿಕೊಂಡವಳು ಶೋಕಕ್ಕೆ ಕೂರುವ ದಿನಗಳು, ಬಿಳಿ ಬಟ್ಟೆ, ಹೊರಗೆ ಹೋಗುವ ಹಾಗಿಲ್ಲ. ಎಲ್ಲ ಕೇಳಿ, "ಮಕ್ಕಳು ಶಾಲೆಗೆ ಹೋಗ್ಬೇಕು ಅತ್ತಿಗೆ. ಇಲ್ಲಿ ಕುವೈತ್ ಅಂತಲೇ ಇರ್ಲಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆದ್ರೆ ಅವರು ಎಲ್ಲಿ ಹೋದದ್ದು ಅಂತ ಎಲ್ಲಿಯಾದ್ರೂ ಒಂದು ಕಡೆ ಯಾರಾದ್ರೂ ಹೇಳ್ಬೇಕಲ್ಲ" ಎಂದಳು.

ನನಗೆ ಆಗ ನಿನ್ನ ಗಂಟೆ ನೆನಪಾಯಿತು.

ಉರ್ಸು, ಬರುವ ನವೆಂಬರಿನಲ್ಲಿ ಹಂಝಾಕನ ಹೆಸರು ಓದಿಸು. ಅವರು ಕೋವಿ ಮುಟ್ಟಿದವರಲ್ಲ, ಕೆನಡಾ ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ಆ ಕಲ್ಲು ನಿಮ್ಮ ಹುಡುಗರದು, ಒಪ್ಪದಿದ್ದರೆ ಜಗಳ ಮಾಡಬೇಡ. ಒಪ್ಪಿದರೆ ಕುವೈತ್ ಎನ್ನಬೇಡ. ಕಳೆದ ವರ್ಷ ನಾನು ನನ್ನ ಮಗನ ಹೆಸರೊಂದನ್ನೇ ಹೇಳಿಸು ಎಂದು ಬರೆದಿದ್ದೆ. ಇಬ್ಬರೂ ಅಲ್ಲೇ ಇದ್ದರು, ನನ್ನ ಕೈಗೆ ಒಂದೇ ಹೆಸರು ಬಂತು. ಅದು ನನ್ನನ್ನು ತಿನ್ನುತ್ತದೆ.

ಅಮೀನತ್‌ಳ ವಿಳಾಸ ಕೆಳಗಿದೆ. ಬರೆಯುವುದಿದ್ದರೆ ಅವಳಿಗೇ ಬರೆ.

ಸೌದ

*

ಒಂಟಾರಿಯೊ
11 ನವೆಂಬರ್ 2005

ಅಮೀನತ್,

ನಿಮಗೆ ನನ್ನ ಪರಿಚಯವಿಲ್ಲ. ನಾನು ನಿಮ್ಮ ಅತ್ತಿಗೆಯ ಜೊತೆ ಓದಿದವಳು, ಉರ್ಸುಲಾ. ಸೌದಳ ಮದುವೆಯಲ್ಲಿ ನಿಮ್ಮ ಯಜಮಾನರು ಬಡಿಸಿದ ಬಿರಿಯಾನಿ ಉಂಡವಳು.

ಈಗಷ್ಟೇ ನದಿಯ ದಡದಿಂದ ಬಂದೆ. ಬಂದ ಕೂಡಲೇ ಬರೆಯುತ್ತಿದ್ದೇನೆ.

ಇಲ್ಲಿನ ಕಲ್ಲು ಬೇರೆ ದೇಶದ ಯುದ್ಧಕ್ಕೆ ಹೋಗಿ ಸತ್ತ ಕೆನಡಾದವರದು. ಹೆಸರು ಓದುವ ವಾಲ್ಟರ್ ಎಂಬವರು ನಿಮ್ಮ ಯಜಮಾನರ ಹೆಸರಿಗೆ ಮೊದಲು ಒಪ್ಪಲಿಲ್ಲ. ಅವರು ನಮ್ಮವರಲ್ಲ, ಸೈನಿಕರೂ ಅಲ್ಲ ಎಂದರು. ಆಗ ಕ್ಯಾರೋಲಿನ್ ಎಂಬ ಅಜ್ಜಿ, ಅವರ ಮಗನ ಹೆಸರು ಆ ಕಲ್ಲಿನ ಮೇಲಿದೆ, ಹೀಗೆ ಹೇಳಿದರು: "ನನ್ನ ಮಗನನ್ನೂ ನಮ್ಮವನಲ್ಲ ಅಂತಲೇ ಹೇಳಿದ್ದು. ನಿನ್ನನ್ನೂ ಹೇಳಿದ್ರು ವಾಲ್ಟರ್. ಅಲ್ಲಿ ನಿನಗೆ ನೀರು ತಂದು ಕೊಟ್ಟವ ಯಾರು ಅಂತ ನೆನಪುಂಟಾ?" ಇವತ್ತು ಬೆಳಿಗ್ಗೆ ವಾಲ್ಟರ್ ನನ್ನನ್ನು ಕರೆದು, ಈ ಹೆಸರನ್ನು ನಾನು ತಪ್ಪು ಓದಬಾರದು, ನೀನೇ ಓದು ಎಂದರು.

ಎಲ್ಲ ಹೆಸರುಗಳ ಕೊನೆಗೆ ನಾನು ಮುಂದೆ ಹೋಗಿ ನಿಂತೆ. ಮೊದಲು ಇಂಗ್ಲಿಷಿನಲ್ಲಿ ಹೇಳಿದೆ, ಆಮೇಲೆ ಕನ್ನಡದಲ್ಲಿ. ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ಆದರೆ ಅದು ಅವರ ಊರಿನ ಭಾಷೆ. "ಹಂಝ. ಪಾಣೆಮಂಗಳೂರಿನವರು. ರುಸ್ತಾಕಿನ ಅಮೀನತ್ ಅವರ ಗಂಡ. ನೀರಿನ ಲಾರಿ ಓಡಿಸುತ್ತಿದ್ದರು. ಇರಾಕಿನಲ್ಲಿ ತೀರಿಕೊಂಡರು."

ಇರಾಕಿನಲ್ಲಿ ಎಂದೆ, ಅಮೀನತ್. ಗಟ್ಟಿಯಾಗಿ ಹೇಳಿದೆ. ಆಮೇಲೆ ಗಂಟೆ ಬಾರಿಸಿದರು, ಎಲ್ಲರೂ ತಲೆ ತಗ್ಗಿಸಿದರು. ಈ ಸಲ ತಪ್ಪಾಗಲಿಲ್ಲ.

ಉರ್ಸುಲಾ